2014ರ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಸರ್ಟಿಫಿಕೇಟಿನ ಏಳು ವರ್ಷ ಮುಗಿದಿದೆ, ಎಲ್ಲಿ ರಿನ್ಯೂವಲ್ ಮಾಡಿಸಬೇಕು?

ಎಲ್ಲೂ ಮಾಡಿಸಬೇಕಿಲ್ಲ ಮೇಡಂ. 2014ರಲ್ಲಿ 6ರಿಂದ 8ನೇ ತರಗತಿ ಶಿಕ್ಷಕರಿಗಿರುವ ಟಿಇಟಿ ಪೇಪರ್ 2 ಪಾಸಾಗಿ, ಮನೆ ಮಕ್ಕಳು ಅಂತ ಅರ್ಜಿ ಹಾಕದೆ ಉಳಿದಿರಿ, ಈಗ ಶಿಕ್ಷಕರ ನೇಮಕಾತಿಗೆ ಹಾಕಬೇಕು ಎಂದು ಬರೆದಿದ್ದೀರಿ. ನಾನೂ ಅದೇ ವರ್ಷ ಬರೆದವಳು. ಆಗ ಏಳು ವರ್ಷವಷ್ಟೇ ಮಾನ್ಯ ಎಂಬ ನಿಯಮವಿತ್ತು, ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ 2021ರ ಜೂನ್‌ನಲ್ಲಿ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ಆ ನಿಯಮವನ್ನೇ ತೆಗೆದುಹಾಕಿತು. ಈಗ ಟಿಇಟಿ ಜೀವನಪೂರ್ತಿ ಮಾನ್ಯ. ಅದೂ 2011ರಿಂದಲೇ ಅನ್ವಯ, ಹಾಗಾಗಿ ನಮ್ಮ ಬ್ಯಾಚಿನವರಿಗೂ ಸಿಗುತ್ತದೆ.

ಯಾರಾದರೂ ರಿನ್ಯೂವಲ್ ಫಾರಂ ತುಂಬಿಕೊಡುತ್ತೇವೆ ಎಂದರೆ ದುಡ್ಡು ಕೊಡಬೇಡಿ. ನನ್ನ ಗೆಳತಿಯನ್ನೂ ಒಂದು ಸೈಬರ್ ಸೆಂಟರ್‌ನಲ್ಲಿ ಹೀಗೇ ಕೇಳಿದ್ದರಂತೆ.

ನನ್ನ ಪ್ರಕಾರ ನೀವು ನೋಡಬೇಕಾದ್ದು ತಾರೀಖನ್ನಲ್ಲ, ಅಂಕವನ್ನು. ಪಾಸಾಗಲು 150ಕ್ಕೆ 90 ಸಾಕು, ಮೀಸಲಾತಿ ಇರುವ ಕೆಲವು ವರ್ಗಗಳಿಗೆ ಅದಕ್ಕಿಂತ ಕಡಿಮೆ. ಆದರೆ ಪಾಸಾದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. 6ರಿಂದ 8ನೇ ತರಗತಿಗೆ 2022ರಲ್ಲಿ 15,000 ಹುದ್ದೆ ಕರೆದರಲ್ವಾ, ಅಲ್ಲಿ ಬೇರೆ ಪರೀಕ್ಷೆ ಇತ್ತು. ಆಯ್ಕೆ ಪಟ್ಟಿ ಮಾಡುವಾಗ ಟಿಇಟಿ ಅಂಕವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ನಿಮ್ಮದು ತೊಂಬತ್ತರ ಆಸುಪಾಸು ಇದ್ದರೆ ಇನ್ನೊಮ್ಮೆ ಬರೆಯಿರಿ. ಎಷ್ಟು ಸಲ ಬೇಕಾದರೂ ಬರೆಯಬಹುದು, ಹಳೆಯ ಸರ್ಟಿಫಿಕೇಟ್ ರದ್ದಾಗುವುದಿಲ್ಲ. ನನಗೇನೋ ಮಕ್ಕಳ ಮನೋವಿಜ್ಞಾನದ ಭಾಗದಲ್ಲಿ ಅಂಕ ಏರಿಸುವುದು ಸುಲಭ ಅನ್ನಿಸುತ್ತದೆ. ಅದು 30 ಅಂಕದ್ದು, ಬಿ.ಎಡ್‌ನಲ್ಲಿ ಓದಿದ್ದೇ ಜಾಸ್ತಿ ಬರುತ್ತದೆ. ಗಣಿತ-ವಿಜ್ಞಾನವೋ ಸಮಾಜವೋ, ನಿಮ್ಮ ವಿಷಯಕ್ಕಿರುವ 60 ಅಂಕಕ್ಕೆ ಮಾತ್ರ ಶಾಲೆಯ ಪಠ್ಯಪುಸ್ತಕಗಳನ್ನೇ ಮತ್ತೆ ಹಿಡಿಯಬೇಕು. ಗೈಡ್ ನಂಬಿ ಕೂರಬೇಡಿ.

ಬಿ.ಎಡ್ ಇದ್ದು ಪೇಪರ್ 1 ಕೂಡ ಬರೆಯೋಣ ಅಂದುಕೊಂಡಿದ್ದರೆ ಬಿಟ್ಟುಬಿಡಿ. ಬರೀ ಬಿ.ಎಡ್ ಇದ್ದವರು 1ರಿಂದ 5ನೇ ತರಗತಿಗೆ ಅರ್ಹರಲ್ಲ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತರಗತಿಗಳಿಗೆ ಡಿ.ಎಡ್ ಬೇಕು.

ನಿಮ್ಮ ಅಕ್ಕ ಟಿಇಟಿ ಇಲ್ಲದೆಯೇ ಶಿಕ್ಷಕಿ ಕೆಲಸದಲ್ಲಿದ್ದಾರೆ ಎಂದೂ ಬರೆದಿದ್ದೀರಿ. ಅವರ ವಿಷಯ ನಿಮಗಿಂತ ಅರ್ಜೆಂಟು. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಅದಕ್ಕಿಂತ ಕಡಿಮೆ ಉಳಿದವರು ಹಾಗೇ ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಿಕ್ಷಕರಿಗೂ ಟಿಇಟಿ ಬೇಕೇ ಎಂಬ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿದ್ದಾರೆ.

ಇನ್ನು, ನೇಮಕಾತಿಗೆ ವಯೋಮಿತಿ ಇದ್ದೇ ಇರುತ್ತದೆ. ಅಧಿಸೂಚನೆ ಬಂದ ಕೂಡಲೇ ಮೊದಲು ಅದನ್ನು ನೋಡಿ. ಅಲ್ಲಿಯವರೆಗೆ ಟಿಇಟಿ ಸರ್ಟಿಫಿಕೇಟಿನಲ್ಲಿರುವ ಹೆಸರು, ಇನಿಷಿಯಲ್ ಎಲ್ಲ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇದೆಯಾ ಎಂದು ಒಮ್ಮೆ ತಾಳೆ ನೋಡಿಕೊಳ್ಳಿ. ವ್ಯತ್ಯಾಸವಿದ್ದರೆ ದಾಖಲೆ ಪರಿಶೀಲನೆಯ ದಿನಕ್ಕೆ ಕಾಯದೆ ಈಗಲೇ ಸರಿಮಾಡಿಸಿಕೊಳ್ಳಿ.