ಪ್ರತಿಕ್ರಿಯೆ: ವೈ2ಕೆ ಸುದ್ದಿಗಳ ಸಂಗ್ರಹ, ಮೊದಲು ಟೇಪು ನೋಡಿ

1998ರಿಂದ 2000ದವರೆಗಿನ ವೈ2ಕೆ (ವರ್ಷವನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದ ಕಂಪ್ಯೂಟರ್‌ಗಳು 2000 ಬಂದಾಗ ಎಡವುತ್ತವೆ ಎಂಬ ಆತಂಕ) ಪತ್ರಿಕಾ ತುಣುಕುಗಳು ಎರಡು ಪೆಟ್ಟಿಗೆ, ಜೊತೆಗೆ ಕೆಲವು ವಿಎಚ್‌ಎಸ್ ವಿಡಿಯೊ ಟೇಪು ಇವೆ, ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಟೇಪಿನಿಂದಲೇ. ಕಾಗದ ಇನ್ನಷ್ಟು ಕಾಲ ತಡೆದೀತು, ಟೇಪೂ ಅದನ್ನು ಓಡಿಸುವ ಯಂತ್ರವೂ ತಡೆಯುವುದಿಲ್ಲ. ಬೂಷ್ಟು ಹಿಡಿದ ಟೇಪನ್ನು ಮಾತ್ರ ಪ್ಲೇಯರ್‌ಗೆ ಹಾಕಬೇಡಿ. ಟೇಪು ಓದುವ ಹೆಡ್‌ಗೆ ಬೂಷ್ಟು ಅಂಟಿ ಮುಂದಿನ ಟೇಪಿಗೂ ಹರಡುತ್ತದೆ. ಟೇಪು ನಕಲಿಸುವಾಗ ನಡುವಿನ ಜಾಹೀರಾತುಗಳನ್ನು ಕತ್ತರಿಸಬೇಡಿ. ಜನರ ಭಯ ಸುದ್ದಿಗಿಂತ ಅಲ್ಲೇ ಚೆನ್ನಾಗಿ ಕಾಣುತ್ತದೆ.

ತುಣುಕುಗಳಿಂದ ಪಿನ್ನು, ರಬ್ಬರ್ ಬ್ಯಾಂಡ್ ತೆಗೆಯಿರಿ. ಸೆಲ್ಲೋಟೇಪನ್ನು ಕೀಳಲು ಹೋಗಬೇಡಿ, ಅಕ್ಷರವೂ ಕಿತ್ತು ಬರುತ್ತದೆ. ಸುದ್ದಿಕಾಗದ ಹಳದಿಯಾಗುವುದು ಅದರೊಳಗಿನ ಲಿಗ್ನಿನ್ ಎಂಬ ಮರದ ಅಂಶದಿಂದ. ಆಮ್ಲರಹಿತ ಹಾಳೆಯ ನಡುವೆ, ಕತ್ತಲಲ್ಲಿ ಇಡಿ. ಸ್ಕ್ಯಾನ್ 400 ಡಿಪಿಐ (ಇಂಚಿಗೆ 400 ಚುಕ್ಕಿ), ಬಣ್ಣದಲ್ಲೇ, ಟಿಫ್ ಎಂಬ ಚಿತ್ರ ಕಡತವಾಗಿ. ಹಿಂಬದಿಯ ಮುದ್ರಣ ಕಾಣಿಸಿದರೆ ಕೆಳಗೆ ಕಪ್ಪು ಹಾಳೆ ಇಡಿ. ಫ್ಯಾಕ್ಸ್ ಹಾಳೆಗಳಿದ್ದರೆ ಅವನ್ನು ಮೊದಲು ಸ್ಕ್ಯಾನ್ ಮಾಡಿ, ಥರ್ಮಲ್ ಕಾಗದದ ಬರಹ ಮಾಸಿಹೋಗುತ್ತದೆ.

ಪ್ರತಿ ಕಡತಕ್ಕೆ ಪತ್ರಿಕೆ, ದಿನಾಂಕ, ಆವೃತ್ತಿ, ಪುಟಸಂಖ್ಯೆ ಬರೆಯಿರಿ. ವರ್ಷ ನಾಲ್ಕು ಅಂಕಿಯಲ್ಲಿ ಇರಲಿ, ಈ ವಿಷಯದಲ್ಲಿ ಎರಡಂಕಿ ಬರೆದರೆ ನಗೆಪಾಟಲು! ಮುಖಪುಟದ ಸುದ್ದಿಗೂ 12ನೇ ಪುಟದ ಮೂಲೆಯ ಸುದ್ದಿಗೂ ತೂಕ ಬೇರೆ.

ಸಂಗ್ರಹವನ್ನು 1999ರ ಡಿಸೆಂಬರ್ 31ಕ್ಕೆ ನಿಲ್ಲಿಸಬೇಡಿ. ಜನವರಿಯ ವ್ಯಂಗ್ಯಚಿತ್ರ, ‘ಹಣ ದಂಡವಾಯಿತೇ’ ಎಂಬ ಓದುಗರ ಪತ್ರ, 2000ದ ಫೆಬ್ರವರಿ 29ರ ಆತಂಕ (ಕಂಪ್ಯೂಟರ್‌ಗಳು ಅಧಿಕ ವರ್ಷದ ಲೆಕ್ಕ ತಪ್ಪಿಯಾವು ಎಂಬುದು) ಎಲ್ಲವೂ ಬೇಕು. ಹಳೆಯ ಜಾಲಪುಟಗಳನ್ನು ಕಾಪಿಟ್ಟಿರುವ ವೇಬ್ಯಾಕ್ ಮಷೀನ್ ಜಾಲತಾಣದಲ್ಲಿ ಆ ಕಾಲದ ಪುಟಗಳನ್ನು ತೆರೆದಾಗ ‘19100’ ಎಂಬ ವರ್ಷ ಕಂಡರೆ ತಿದ್ದದೆ, ಹಾಗೇ ಚಿತ್ರ ತೆಗೆದಿಡಿ: 1900ರಿಂದ ಎಣಿಸಿದ 100ರ ಎಡಕ್ಕೆ ‘19’ ಅಂಟಿಸಿದ ಅಸಲಿ ದೋಷವದು.