ಡಾಂಕಿ ಕಾಂಗ್ ಮನೆಗೆ ಬಂದಾಗ ಏನೇನು ಉಳಿಯಿತು, ಏನೇನು ಹೋಯಿತು?

ಈ ಸಲ ಡಾಂಕಿ ಕಾಂಗ್ ಬಗ್ಗೆ ಬಂದ ಪ್ರಶ್ನೆಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. 1981ರಲ್ಲಿ ನಿಂಟೆಂಡೊ ಕಂಪನಿ, ಕಾಸು ಹಾಕಿ ಆಡುವ ಯಂತ್ರಗಳ ಜಾಗವಾದ ಆರ್ಕೇಡ್‌ಗೆ ತಂದ ಈ ಆಟ ಆಮೇಲೆ ಎಷ್ಟೋ ಕನ್ಸೋಲ್ ಮತ್ತು ಕಂಪ್ಯೂಟರುಗಳಿಗೆ ಬಂತು. ಕಾಂಗ್ ಅನ್ನುವ ಗೊರಿಲ್ಲಾ ಹೊತ್ತೊಯ್ದ ಹುಡುಗಿಯನ್ನು ಬಿಡಿಸಲು ಮಾರಿಯೊ ಮೇಲೆ ಹತ್ತುವುದೇ ಆಟ. ಆವೃತ್ತಿಗಳು ಮಾತ್ರ ಒಂದರಂತೆ ಇನ್ನೊಂದಿಲ್ಲ. ಯಾವುದು ಮೂಲಕ್ಕೆ ಹತ್ತಿರ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ.

ಪ್ರಶ್ನೆ: ನಾನು ನಿಂಟೆಂಡೊ ಕನ್ಸೋಲಿನಲ್ಲಿ ಆಡಿದ ಡಾಂಕಿ ಕಾಂಗ್‌ನಲ್ಲಿ ಮೂರೇ ಹಂತ ಇದ್ದವು. ಸ್ನೇಹಿತನ ಹಳೆಯ ಅಟಾರಿ ಕಂಪ್ಯೂಟರಿನಲ್ಲಿ ನಾಲ್ಕು ಹಂತ ಇವೆ. ಒಂದರಲ್ಲಿ ಸಿಮೆಂಟ್ ಹೊತ್ತ ಬೆಲ್ಟ್ ಓಡುತ್ತದೆ. ಆಟ ಮಾಡಿದ ಕಂಪನಿಯ ಸ್ವಂತ ಕನ್ಸೋಲಿನಲ್ಲಿ ಇಲ್ಲದ್ದು ಬೇರೆಯವರ ಕಂಪ್ಯೂಟರಿನಲ್ಲಿ ಹೇಗೆ ಬಂತು? ಅವರೇ ಸೇರಿಸಿದ್ದಾ?

ಅವರು ಸೇರಿಸಿದ್ದಲ್ಲ. ಆರ್ಕೇಡ್ ಆಟದಲ್ಲಿ ಇದ್ದದ್ದೇ ನಾಲ್ಕು ಹಂತ. 25 ಮೀಟರ್ ಹಂತದಲ್ಲಿ ಓರೆಯಾದ ಉಕ್ಕಿನ ತೊಲೆಗಳ ಮೇಲೆ ಪೀಪಾಯಿ ಉರುಳಿ ಬರುತ್ತವೆ. 50 ಮೀಟರ್ ಹಂತದಲ್ಲಿ ಬೆಲ್ಟು, ಅದರ ಮೇಲೆ ಸಿಮೆಂಟ್ ಬಾಣಲೆ. 75ರಲ್ಲಿ ಲಿಫ್ಟು ಮತ್ತು ಪುಟಿಯುವ ಸ್ಪ್ರಿಂಗು. ಕೊನೆಯದು 100 ಮೀಟರ್, ಅಲ್ಲಿ ತೊಲೆಗಳನ್ನು ಹಿಡಿದಿಟ್ಟ 8 ರಿವೆಟ್ (ಮೊಳೆ) ಕಿತ್ತರೆ ಕಾಂಗ್ ತಲೆಕೆಳಗಾಗಿ ಬೀಳುತ್ತಾನೆ. ನಿಮ್ಮ ಕನ್ಸೋಲಿನಲ್ಲಿ ಬಿಟ್ಟುಹೋಗಿದ್ದು ಆ 50 ಮೀಟರ್ ಹಂತ.

ಜಪಾನಿನಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಕನ್ಸೋಲ್ ಹೊರಬಂದಿದ್ದು 1983ರ ಜುಲೈ 15ರಂದು. ಅದೇ ದಿನ ಅದರ ಜೊತೆ ಬಂದ ಮೂರು ಆಟಗಳಲ್ಲಿ ಡಾಂಕಿ ಕಾಂಗ್ ಒಂದು. ಈ ಆಟವನ್ನು ಮನೆಯಲ್ಲಿ ಚೆನ್ನಾಗಿ ಆಡಿಸಬೇಕು ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಆ ಯಂತ್ರ ರೂಪಿಸಿದ್ದು. ಹಾಗಿದ್ದೂ ಒಂದು ಹಂತ ಇಲ್ಲ. ಕಾರ್ಟ್ರಿಡ್ಜಿನಲ್ಲಿ ಪ್ರೋಗ್ರಾಮಿಗೆ 16 ಕಿಲೋಬೈಟ್, ಚಿತ್ರಗಳಿಗೆ 8 ಕಿಲೋಬೈಟ್, ಒಟ್ಟು 24 ಮಾತ್ರ. ಜಾಗ ಸಾಲದೆ ಬಿಟ್ಟರು ಅನ್ನುವುದು ಸಾಮಾನ್ಯವಾಗಿ ಕೊಡುವ ಕಾರಣ.

ಈಗ ಅಟಾರಿ ಕಂಪ್ಯೂಟರಿನ ವಿಷಯ. ಆ ಕಾಲದಲ್ಲಿ ಕನ್ಸೋಲಿನ ಹಕ್ಕು ಒಬ್ಬರಿಗೆ, ಕಂಪ್ಯೂಟರಿನ ಹಕ್ಕು ಇನ್ನೊಬ್ಬರಿಗೆ ಮಾರುವುದು ಮಾಮೂಲು. ಡಾಂಕಿ ಕಾಂಗ್‌ನ ಕನ್ಸೋಲ್ ಹಕ್ಕು ಕೊಲೆಕೊ ಕಂಪನಿಗೆ ಹೋಯಿತು, ಕಂಪ್ಯೂಟರ್ ಹಕ್ಕು ಅಟಾರಿಗೆ. ಅಟಾರಿಯ 8 ಬಿಟ್ ಕಂಪ್ಯೂಟರುಗಳಿಗೆ ಈ ಆಟ ಬರೆದವರು ಲ್ಯಾಂಡನ್ ಡೈಯರ್. 1983ರಲ್ಲಿ ಬಂದ ಅವರ ಕಾರ್ಟ್ರಿಡ್ಜ್ 16 ಕಿಲೋಬೈಟಿನದು, ಅಂದರೆ ಫ್ಯಾಮಿಕಾಮಿನದಕ್ಕಿಂತ ಚಿಕ್ಕದು! ಆದರೂ ನಾಲ್ಕೂ ಹಂತ ಅದರಲ್ಲಿವೆ. ಸಾಲದ್ದಕ್ಕೆ ತಮ್ಮ ಹೆಸರಿನ ಮೂರು ಮೊದಲಕ್ಷರಗಳನ್ನೂ ಒಳಗೆ ಬಚ್ಚಿಟ್ಟರು. ಅದು ಜನರ ಕಣ್ಣಿಗೆ ಬಿದ್ದದ್ದು 2009ರಲ್ಲಿ. ಹಾಗಾಗಿ ಜಾಗ ಸಾಲಲಿಲ್ಲ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಜಾಗ ಕಡಿಮೆ ಇತ್ತು, ನಿಜ. ಆದರೆ ಇದ್ದ ಜಾಗವನ್ನು ಯಾವುದಕ್ಕೆ ಕೊಡಬೇಕು ಅನ್ನುವುದು ಬರೆಯುವವರು ಮಾಡಿದ ಆಯ್ಕೆ. ಫ್ಯಾಮಿಕಾಮ್ ತಂಡ ಚಿತ್ರದ ಅಂದ ಮತ್ತು ಚಲನೆಯ ನಯಕ್ಕೆ ಕೊಟ್ಟಿತು. ಡೈಯರ್ ಹಂತಗಳಿಗೆ ಕೊಟ್ಟರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇದು ಕಾಣುತ್ತದೆ. ಫ್ಯಾಮಿಕಾಮಿನಲ್ಲಿ ಮಾರಿಯೊ ಆರ್ಕೇಡಿನವನ ಹಾಗೇ ಇದ್ದಾನೆ. ಅಟಾರಿಯಲ್ಲಿ ಸ್ವಲ್ಪ ಒರಟಾಗಿದ್ದಾನೆ.

ಇನ್ನೊಂದು ವಿಷಯ ಹೇಳಬೇಕು, ಇದರಲ್ಲಿ ಎಷ್ಟೋ ಜನ ಎಡವುತ್ತಾರೆ. ಅಮೆರಿಕದ ಆರ್ಕೇಡ್ ಯಂತ್ರದಲ್ಲಿ ನಾಲ್ಕು ಹಂತ ಒಂದೇ ಸಲಕ್ಕೆ ಬರುವುದಿಲ್ಲ. ಮೊದಲ ಸುತ್ತಿನಲ್ಲಿ 25 ಮತ್ತು 100 ಅಷ್ಟೇ. ಎರಡನೇ ಸುತ್ತಿನಲ್ಲಿ 75 ಸೇರುತ್ತದೆ. ಬೆಲ್ಟಿನ ಹಂತ ಕಾಣುವುದು ಮೂರನೇ ಸುತ್ತಿಗೆ. ಜಪಾನಿನ ಯಂತ್ರದಲ್ಲಿ ಮಾತ್ರ ಶುರುವಿನಿಂದಲೇ 25, 50, 75, 100 ಕ್ರಮವಾಗಿ ಬರುತ್ತವೆ. ಹಾಗಾಗಿ 'ನಾನು ಆರ್ಕೇಡಿನಲ್ಲೇ ಆಡಿದ್ದೇನೆ, ಅಂಥ ಹಂತ ಇರಲೇ ಇಲ್ಲ' ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಅಲ್ಲಿಯವರೆಗೆ ತಲುಪಿಲ್ಲ, ಅಷ್ಟೇ.

ನನ್ನನ್ನು ಕೇಳಿದರೆ ನಾಲ್ಕರಲ್ಲಿ ಸಪ್ಪೆ ಹಂತ 50 ಮೀಟರೇ. ಅದು ಹೋಗಿದ್ದಕ್ಕೆ ನನಗೆ ಅಷ್ಟೇನೂ ಬೇಜಾರಿಲ್ಲ. ಆರ್ಕೇಡಿನಲ್ಲಿ ಆಟ ಶುರುವಾಗುವ ಮೊದಲು ಕಾಂಗ್ ಹುಡುಗಿಯನ್ನು ಹೊತ್ತು ಏಣಿ ಹತ್ತುತ್ತಾನೆ, ಧಡ್ ಧಡ್ ಅಂತ ಕುಣಿಯುತ್ತಾನೆ, ನೆಟ್ಟಗಿದ್ದ ತೊಲೆಗಳು ಓರೆಯಾಗುತ್ತವೆ. ಇಡೀ ಕಥೆ ಆ ಕೆಲವು ಸೆಕೆಂಡುಗಳಲ್ಲಿದೆ. ಫ್ಯಾಮಿಕಾಮಿನಲ್ಲಿ ಅದೂ ಇಲ್ಲ. ನನಗೆ ಅದು ಜಾಸ್ತಿ ನಷ್ಟ ಅನ್ನಿಸುತ್ತದೆ.

ನಿಂಟೆಂಡೊ ಕೊನೆಗೂ ಆ ಹಂತವನ್ನು ವಾಪಸ್ ಸೇರಿಸಿತು. 2010ರಲ್ಲಿ ಯುರೋಪಿನಲ್ಲಿ 'ಸೂಪರ್ ಮಾರಿಯೊ ಬ್ರದರ್ಸ್' ಆಟದ 25 ವರ್ಷದ ನೆನಪಿಗೆ ಬಂದ ಕೆಂಪು ವೀ ಕನ್ಸೋಲಿನಲ್ಲಿ 'ಡಾಂಕಿ ಕಾಂಗ್ ಒರಿಜಿನಲ್ ಎಡಿಷನ್' ಇತ್ತು. ಫ್ಯಾಮಿಕಾಮ್ ಆವೃತ್ತಿಗೆ 50 ಮೀಟರ್ ಜೋಡಿಸಿದ್ದು ಅದು.

ಪ್ರಶ್ನೆ: ಆರ್ಕೇಡ್ ಯಂತ್ರದಲ್ಲಿ ಇದ್ದದ್ದು ಜೆಡ್80 ಪ್ರೊಸೆಸರ್ ಅಂತ ಓದಿದೆ. ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿನಲ್ಲೂ ಅದೇ ಇದೆ, ವೇಗವೂ ಸ್ವಲ್ಪ ಜಾಸ್ತಿ. ಮತ್ತೆ ಸ್ಪೆಕ್ಟ್ರಮ್ ಆವೃತ್ತಿ ಯಾಕೆ ಅಷ್ಟು ಬಡವಾಗಿ ಕಾಣುತ್ತದೆ?

ಒಳ್ಳೆಯ ಪ್ರಶ್ನೆ. ನೀವು ಓದಿದ್ದು ಸರಿ. ಆರ್ಕೇಡಿನ ಜೆಡ್80 ಓಡುವುದು 3.072 ಮೆಗಾಹರ್ಟ್ಸ್‌ನಲ್ಲಿ. ಸ್ಪೆಕ್ಟ್ರಮ್ 3.5 ಮೆಗಾಹರ್ಟ್ಸ್. ಕೊಲೆಕೊವಿಷನ್ ಕನ್ಸೋಲಿನಲ್ಲೂ ಜೆಡ್80 ಇದೆ, ಅದು 3.58. ಮೂರಕ್ಕೂ ಒಂದೇ ಜಾತಿಯ ಮಿದುಳು. ವ್ಯತ್ಯಾಸ ಇರುವುದು ಚಿತ್ರ ಬಿಡಿಸುವ ಕೈಯಲ್ಲಿ.

ಆರ್ಕೇಡ್ ಬೋರ್ಡಿನಲ್ಲಿ ಸ್ಪ್ರೈಟ್ (ಪರದೆಯ ಮೇಲೆ ಚಲಿಸುವ ಗೊಂಬೆಯ ಚಿತ್ರ) ಬಿಡಿಸುವುದಕ್ಕೆ ಪ್ರತ್ಯೇಕ ಸರ್ಕ್ಯೂಟ್ ಇದೆ. ಪೀಪಾಯಿ ಇಲ್ಲಿದೆ ಅಂತ ಪ್ರೊಸೆಸರ್ ಜಾಗ ತಿಳಿಸಿದರೆ ಸಾಕು, ಉಳಿದದ್ದನ್ನು ಆ ಸರ್ಕ್ಯೂಟ್ ನೋಡಿಕೊಳ್ಳುತ್ತದೆ. ಸ್ಪೆಕ್ಟ್ರಮ್‌ನಲ್ಲಿ ಅಂಥದ್ದೇನೂ ಇಲ್ಲ. ಪ್ರತಿ ಪೀಪಾಯಿಯನ್ನೂ ಪ್ರೊಸೆಸರೇ ಅಳಿಸಬೇಕು, ಹಿಂದಿದ್ದ ತೊಲೆಯನ್ನು ಮತ್ತೆ ಬರೆಯಬೇಕು, ಹೊಸ ಜಾಗದಲ್ಲಿ ಪೀಪಾಯಿ ಬರೆಯಬೇಕು. ಇದರ ಮಧ್ಯೆ ಶಬ್ದವನ್ನೂ ಅದೇ ಹೊರಡಿಸಬೇಕು. ಆರ್ಕೇಡಿನಲ್ಲಿ ಶಬ್ದಕ್ಕೆ ಬೇರೆಯೇ ಪ್ರೊಸೆಸರ್ ಇದೆ.

ಬಣ್ಣದ್ದು ಇನ್ನೊಂದು ಗೋಳು. ಸ್ಪೆಕ್ಟ್ರಮ್ ಪರದೆಯಲ್ಲಿ 8×8 ಪಿಕ್ಸೆಲಿನ ಒಂದು ಚೌಕಕ್ಕೆ ಎರಡೇ ಬಣ್ಣ. ಕೆಂಪು ತೊಲೆಯ ಮೇಲೆ ನೀಲಿ ಮಾರಿಯೊ ನಡೆದರೆ ಆ ಚೌಕದಲ್ಲಿ ಯಾರಾದರೂ ಒಬ್ಬರು ಬಣ್ಣ ಬಿಟ್ಟುಕೊಡಬೇಕು. ಓರೆ ತೊಲೆಗಳ ಆಟಕ್ಕೆ ಇದಕ್ಕಿಂತ ಕೆಟ್ಟ ನಿಯಮ ಬೇಕಾ?

ಎಲ್ಲಕ್ಕಿಂತ ದೊಡ್ಡ ತೊಂದರೆ ಪರದೆಯ ಆಕಾರ. ಇದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆರ್ಕೇಡ್ ಯಂತ್ರದಲ್ಲಿ ಟ್ಯೂಬನ್ನು ನೆಟ್ಟಗೆ ತಿರುಗಿಸಿ ಕೂರಿಸಿದ್ದಾರೆ: ಅಗಲ 224 ಪಿಕ್ಸೆಲ್, ಎತ್ತರ 256. ಹತ್ತುವ ಆಟ ತಾನೇ, ಎತ್ತರ ಬೇಕು. ಮನೆಯ ಟಿವಿ ಅಡ್ಡ. ಸ್ಪೆಕ್ಟ್ರಮ್ ಮತ್ತು ಕೊಲೆಕೊವಿಷನ್ ಎರಡರಲ್ಲೂ ಎತ್ತರ 192 ಸಾಲು. ಅಂದರೆ ಎತ್ತರದ ಕಾಲು ಭಾಗ ಹೋಯಿತು. ಆಗ ಮೂರೇ ದಾರಿ. ಮಹಡಿ ಕಡಿಮೆ ಮಾಡಬೇಕು, ಅಥವಾ ಮಹಡಿಗಳ ನಡುವಿನ ಅಂತರ ಕುಗ್ಗಿಸಬೇಕು, ಅಥವಾ ಗೊಂಬೆಗಳನ್ನೇ ಚಿಕ್ಕದು ಮಾಡಬೇಕು. ಏನೇ ಮಾಡಿದರೂ ಜಿಗಿತದ ಲೆಕ್ಕ ಬದಲಾಗುತ್ತದೆ. ಆರ್ಕೇಡಿನಲ್ಲಿ ಪೀಪಾಯಿ ಎಷ್ಟು ಹತ್ತಿರ ಬಂದಾಗ ಗುಂಡಿ ಒತ್ತಬೇಕು ಅಂತ ಕೈ ಕಲಿತಿರುತ್ತದಲ್ಲ, ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಫ್ಯಾಮಿಕಾಮಿಗೆ 240 ಸಾಲು ಇದ್ದುದರಿಂದ ಅದು ಅಷ್ಟು ಒದ್ದಾಡಲಿಲ್ಲ.

ಸ್ಪೆಕ್ಟ್ರಮ್‌ಗೆ ಅಧಿಕೃತ ಆವೃತ್ತಿ ಓಷನ್ ಕಂಪನಿಯಿಂದ ಬಂದಿದ್ದೇ 1986ರಲ್ಲಿ. ಇಷ್ಟೆಲ್ಲ ಕಟ್ಟುಪಾಡು ಇದ್ದೂ ನಾಲ್ಕು ಹಂತ ಕೊಟ್ಟಿದ್ದಾರೆ. ಬೈಯುವ ಮುಂಚೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಗೆ ನೋಡಿದರೆ ಆ ಕಾಲದ ಮೆಚ್ಚುಗೆ ಪಡೆದ ಒಂದು ಕಂಪ್ಯೂಟರ್ ಆವೃತ್ತಿ ಅಧಿಕೃತವೇ ಅಲ್ಲ. 1982ರಲ್ಲಿ ಟ್ಯಾಂಡಿಯ ಕಲರ್ ಕಂಪ್ಯೂಟರಿಗೆ ಬಂದ 'ಡಾಂಕಿ ಕಿಂಗ್' ಹಕ್ಕು ಪಡೆಯದ ನಕಲು. ನಾಲ್ಕೂ ಹಂತ ಅದರಲ್ಲಿದ್ದವು. ಆಮೇಲೆ ಅದರ ಹೆಸರನ್ನು ಬರೀ 'ದ ಕಿಂಗ್' ಅಂತ ಬದಲಿಸಿದರು. ಯಾಕೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

ಪ್ರಶ್ನೆ: ಅಟಾರಿ 2600 ಕನ್ಸೋಲಿನ ಆವೃತ್ತಿ ನೋಡಿ ನಗು ಬಂತು. ಬರೆದವರು ಸುಮ್ನೆ ಕೈ ತೊಳೆದುಕೊಂಡರಾ?

ಇಲ್ಲ, ಇದು ಅನ್ಯಾಯದ ಮಾತು. ಪೀಪಾಯಿಗಳು ಬಿಸ್ಕತ್ತಿನ ಹಾಗೆ ಕಾಣುತ್ತವೆ, ಒಪ್ಪಿದೆ. ಎರಡೇ ಹಂತ ಇವೆ, ಅದೂ ನಿಜ. ಆದರೆ ಆ ಯಂತ್ರದ ಸ್ಥಿತಿ ನೋಡಿ. ಅದರ ರ‍್ಯಾಮ್ 128 ಬೈಟ್. ಕಿಲೋಬೈಟ್ ಅಲ್ಲ, ಬೈಟ್. ಪರದೆಯ ಚಿತ್ರವನ್ನು ಇಟ್ಟುಕೊಳ್ಳಲು ನೆನಪೇ ಇಲ್ಲ. ಟಿವಿ ಒಂದೊಂದು ಗೆರೆ ಎಳೆಯುವಾಗಲೂ ಪ್ರೋಗ್ರಾಮ್ ಆ ಗೆರೆಗೆ ಬೇಕಾದ್ದನ್ನು ಆ ಕ್ಷಣದಲ್ಲೇ ಒದಗಿಸಬೇಕು. ಚಲಿಸುವ ವಸ್ತುಗಳಿಗೆ ಇರುವುದು ಎರಡು ಸ್ಪ್ರೈಟ್, ಎರಡು ಗುಂಡು, ಒಂದು ಚೆಂಡು. ಆ ಯಂತ್ರವನ್ನು 1977ರಲ್ಲಿ ಮಾರುಕಟ್ಟೆಗೆ ಬಿಟ್ಟಾಗ ಎರಡು ಟ್ಯಾಂಕು, ಎರಡು ಬ್ಯಾಟಿನ ಆಟಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

1982ರಲ್ಲಿ ಕೊಲೆಕೊಗೆ ಇದನ್ನು ಬರೆದವರು ಗ್ಯಾರಿ ಕಿಚನ್. ಕಾರ್ಟ್ರಿಡ್ಜ್ 4 ಕಿಲೋಬೈಟ್. ಅಷ್ಟರಲ್ಲಿ ಅವರು ಓರೆ ತೊಲೆಗಳನ್ನು ಉಳಿಸಿಕೊಂಡರು. 2600ರಲ್ಲಿ ಅಡ್ಡ ಗೆರೆ ಎಳೆಯುವುದು ಸುಲಭ, ಓರೆ ಗೆರೆ ಎಳೆಯುವುದು ತಲೆನೋವು. ತೊಲೆಗಳನ್ನು ನೇರ ಮಾಡಿಬಿಟ್ಟಿದ್ದರೆ ಅವರ ಕೆಲಸ ಎಷ್ಟೋ ಹಗುರ ಆಗುತ್ತಿತ್ತು. ಆದರೆ ಪೀಪಾಯಿ ಇಳಿಜಾರಿನಲ್ಲಿ ಉರುಳಿ ಬರದಿದ್ದರೆ ಅದನ್ನು ಡಾಂಕಿ ಕಾಂಗ್ ಅಂತ ಯಾಕೆ ಕರೆಯಬೇಕು? ಸರಿಯಾದ ವಸ್ತುವನ್ನೇ ಅವರು ಉಳಿಸಿಕೊಂಡರು ಅಂತ ನನ್ನ ಅಭಿಪ್ರಾಯ.

ಇಂಟೆಲಿವಿಷನ್ ಕನ್ಸೋಲಿನ ಆವೃತ್ತಿಯಲ್ಲೂ ಎರಡೇ ಹಂತ. ಯಂತ್ರ 2600ಗಿಂತ ಬಲವಾದದ್ದು, ಆಟ ಮಾತ್ರ ಸಪ್ಪೆ. ನಗುವುದಾದರೆ ಅದನ್ನು ನೋಡಿ ನಗಿ.

ಪ್ರಶ್ನೆ: ಎರಡು ಆವೃತ್ತಿಗಳನ್ನು ಹೋಲಿಸುವಾಗ ಏನು ನೋಡಬೇಕು? ಸ್ಕ್ರೀನ್‌ಶಾಟ್ ನೋಡಿದರೆ ಗೊತ್ತಾಗುವುದಿಲ್ಲವೇ?

ಸ್ಕ್ರೀನ್‌ಶಾಟ್ ಅರ್ಧ ಸುಳ್ಳು ಹೇಳುತ್ತದೆ. 1982ರಲ್ಲಿ ಕೊಲೆಕೊವಿಷನ್ ಜೊತೆಗೇ ಈ ಆಟ ಬಂದಾಗ ಜನ ಬಾಯಿ ಬಿಟ್ಟುಕೊಂಡು ನೋಡಿದರು. ನಿಂತ ಚಿತ್ರ ಅಷ್ಟು ಚೆನ್ನಾಗಿತ್ತು. ಆದರೆ ಅದರಲ್ಲೂ 50 ಮೀಟರ್ ಇಲ್ಲ. ಅದರ ಗಿಡ್ಡ ಜಾಯ್‌ಸ್ಟಿಕ್ ಹಿಡಿದು ಏಣಿಯ ಬುಡಕ್ಕೆ ಸರಿಯಾಗಿ ನಿಲ್ಲಿಸುವುದಕ್ಕೆ ಕೈ ನೋಯುತ್ತದೆ.

ಮೂರನೇ ಸುತ್ತಿನವರೆಗಾದರೂ ಆಡಿ. ಪೀಪಾಯಿಗಳು ಏಣಿಯ ಹತ್ತಿರ ಏನು ಮಾಡುತ್ತವೆ ನೋಡಿ. ಆರ್ಕೇಡಿನಲ್ಲಿ ಅವು ಏಣಿ ಇಳಿಯುವುದು ಬರೀ ಅದೃಷ್ಟದ ಮೇಲಲ್ಲ. ಮಾರಿಯೊ ಎಲ್ಲಿದ್ದಾನೆ, ನೀವು ಜಾಯ್‌ಸ್ಟಿಕ್ ಯಾವ ಕಡೆ ಒತ್ತಿದ್ದೀರಿ ಅನ್ನುವುದೂ ಸೇರುತ್ತದೆ. ದೊಡ್ಡ ಸ್ಕೋರ್ ಮಾಡುವವರು ಇದನ್ನು ಬಳಸಿ ಪೀಪಾಯಿಗಳನ್ನು ತಮಗೆ ಬೇಕಾದ ಕಡೆ ತಿರುಗಿಸುತ್ತಾರೆ. ಆಗ ಬರೆಯುವವರಿಗೆ ಎಷ್ಟೋ ಸಲ ಮೂಲ ಪ್ರೋಗ್ರಾಮ್ ಕೊಡುತ್ತಲೇ ಇರಲಿಲ್ಲ. ಯಂತ್ರದ ಮುಂದೆ ನಿಂತು ಆಡಿ, ನೋಡಿ, ಹಾಗೆ ಕಂಡದ್ದನ್ನು ಬರೆಯಬೇಕಿತ್ತು. ಕಣ್ಣಿಗೆ ಕಾಣದ ಇಂಥ ಲೆಕ್ಕಗಳು ಮೊದಲು ತಪ್ಪಿಹೋಗುವುದು ಅಲ್ಲೇ.

ಪ್ರಶ್ನೆ: ಈಗ ಆಡಬೇಕೆಂದರೆ ಯಾವುದು? ಆರ್ಕೇಡಿನಲ್ಲಿ 22ನೇ ಲೆವೆಲ್‌ನಲ್ಲಿ ಆಟ ತಾನಾಗಿ ಸಾಯುತ್ತದಂತೆ, ಅದೂ ಬರುತ್ತದಾ?

ಆರ್ಕೇಡ್ ಆಟವೇ ಬೇಕು ಅಂದರೆ ಸ್ವಿಚ್ ಕನ್ಸೋಲಿನ 'ಆರ್ಕೇಡ್ ಆರ್ಕೈವ್ಸ್' ಸರಣಿಯದು. ಹ್ಯಾಮ್‌ಸ್ಟರ್ ಕಂಪನಿ 2018ರ ಜೂನ್‌ನಲ್ಲಿ ತಂದಿತು. ಜಪಾನಿನ ಮೊದಲಿನ ಆವೃತ್ತಿ, ಆಮೇಲಿನದು, ಹೊರದೇಶಗಳಿಗೆ ಹೋದದ್ದು, ಮೂರೂ ಅದರಲ್ಲಿವೆ. ಹಂತಗಳ ಕ್ರಮ ಹೇಗೆ ಬೇರೆ ಅಂತ ನೀವೇ ನೋಡಬಹುದು. ಪರದೆಯನ್ನು ನೆಟ್ಟಗೆ ತಿರುಗಿಸಿ ಆಡುವ ಅನುಕೂಲವೂ ಇದೆ, ತಪ್ಪದೆ ಬಳಸಿ. ಹತ್ತು ನಿಮಿಷ ಆಡಿ ಎದ್ದುಹೋಗುವವರಿಗೆ ಫ್ಯಾಮಿಕಾಮ್ ಆವೃತ್ತಿ ಸಾಕು. ಆ ಕೈಗುಂಡಿಗಳ ಹಿಡಿತ ಇವತ್ತಿಗೂ ಚೆನ್ನಾಗಿದೆ.

22ನೇ ಲೆವೆಲ್ ವಿಷಯ ಇಷ್ಟೇ. ಲೆವೆಲ್ ಅಂದರೆ ಮೇಲೆ ಹೇಳಿದ ಸುತ್ತು. ಸಮಯದ ಲೆಕ್ಕಕ್ಕೆ ಪ್ರೋಗ್ರಾಮ್ ಲೆವೆಲ್ ಸಂಖ್ಯೆಯನ್ನು 10ರಿಂದ ಗುಣಿಸಿ 40 ಕೂಡಿಸುತ್ತದೆ. ಮೊದಲ ಲೆವೆಲ್‌ಗೆ 50, ಅಂದರೆ ಬೋನಸ್ 5000; ಅದು ಇಳಿಯುತ್ತಾ ಹೋಗಿ ಸೊನ್ನೆಯಾದರೆ ಸಮಯ ಮುಗಿದಂತೆ. 80ಕ್ಕಿಂತ ಜಾಸ್ತಿ ಬಂದರೆ 80ಕ್ಕೇ ನಿಲ್ಲಿಸುತ್ತದೆ. 22ಕ್ಕೆ 260 ಬರಬೇಕು. ಆದರೆ ಒಂದು ಬೈಟಿನಲ್ಲಿ ಹಿಡಿಸುವುದು 255ರವರೆಗೆ ಮಾತ್ರ. 256 ಬಿದ್ದುಹೋಗಿ 4 ಉಳಿಯುತ್ತದೆ, ಬೋನಸ್ 400. ಕೆಲವೇ ಸೆಕೆಂಡಿನಲ್ಲಿ ಸಮಯ ಮುಗಿದು ಮಾರಿಯೊ ಸಾಯುತ್ತಾನೆ. ಇದು ಆರ್ಕೇಡ್ ಪ್ರೋಗ್ರಾಮಿನದೇ ತಪ್ಪು. ಹೊಸದಾಗಿ ಬರೆದ ಮನೆಯ ಆವೃತ್ತಿಗಳಲ್ಲಿ ಅವುಗಳದೇ ಬೇರೆ ತಪ್ಪುಗಳಿರುತ್ತವೆ. ಸ್ವಿಚ್‌ನಲ್ಲಿ ಓಡುವುದು ಮೂಲ ಪ್ರೋಗ್ರಾಮೇ, ಹಾಗಾಗಿ ಅಲ್ಲಿಯವರೆಗೆ ತಲುಪಿದರೆ ಅಲ್ಲೂ ಸಾಯುತ್ತೀರಿ.