ಊರು ಒಗ್ಗಬೇಕಾದರೆ ರಾತ್ರಿ ತಂಗಬೇಕು

ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರಿಂದ ಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಅವರು ಶಿರಸಿ ಕಡೆಯವರು. ನೇಮಕಾತಿ ಆದೇಶದಲ್ಲಿ ಕೋಲಾರ ಜಿಲ್ಲೆ ಎಂದು ನೋಡಿ ಅತ್ತಿದ್ದರಂತೆ. ಬಂದ ಮೇಲೆ ಗಡಸು ನೀರು, ಧೂಳು, ಅರ್ಥವಾಗದ ತೆಲುಗು ಎಲ್ಲವೂ ಬೇಸರ ತರಿಸಿದವು. ಈಗ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ತವರಿನ ಕಡೆ ಹೋಗುವ ಅವಕಾಶ ಬಂದಿದೆ, ಆದರೆ ಹೋಗಲು ಮನಸ್ಸಿಲ್ಲ. "ಇದೆಲ್ಲ ಪ್ರೀತಿಯಲ್ಲ, ಬರೀ ರೂಢಿ. ಜೈಲಿನಲ್ಲಿಟ್ಟರೂ ಮನುಷ್ಯನಿಗೆ ರೂಢಿಯಾಗುತ್ತದೆ" ಎನ್ನುತ್ತಾರಂತೆ ಅವರ ಅಣ್ಣ. ನೀವೇನು ಹೇಳುತ್ತೀರಿ ಎಂಬುದು ಅವರ ಪ್ರಶ್ನೆ.

ಸೋದರಿ, ನಿಮ್ಮ ಅಣ್ಣನ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಕಡಿಮೆ ಬಾಡಿಗೆ, ಕೂಗಳತೆಯಲ್ಲಿ ಶಾಲೆ, ಸಾಲ ಕೊಡುವ ದಿನಸಿ ಅಂಗಡಿ, ಇಷ್ಟಿದ್ದರೂ ಸಾಕು, ಮನುಷ್ಯ ಇದ್ದಲ್ಲಿಂದ ಅಲುಗುವುದಿಲ್ಲ. ಅಷ್ಟು ಒಪ್ಪಿದೆ. ಆದರೆ ಬರೀ ರೂಢಿಯಾದವರು ನೀವು ಬರೆದಂಥ ಪತ್ರ ಬರೆಯುವುದಿಲ್ಲ. ನಿಮ್ಮ ಪತ್ರದ ಅರ್ಧ ಭಾಗ ಅವರೆಕಾಯಿಗೇ ಹೋಗಿದೆ! ಜನವರಿಯ ಚಳಿಯಲ್ಲಿ ಮನೆಯೊಡತಿಯ ಜೊತೆ ಜಗುಲಿಯಲ್ಲಿ ಕುಳಿತು, ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿತುಕಿದಾಗ ಬೇಳೆ ಪುಳಕ್ಕನೆ ಜಾರಿ ಬೋಗುಣಿಗೆ ಬೀಳುವುದು, ಸಿಪ್ಪೆ ಬೆರಳಿಗೆ ಅಂಟಿ ಉಳಿಯುವುದು, ಇಬ್ಬನಿ ಬಿದ್ದ ಕಾಯಿಯ ಸೊಗಡು ರಾತ್ರಿ ಮಲಗಿದರೂ ಕೈಬಿಟ್ಟು ಹೋಗದಿರುವುದು. ಆ ಹಿತಕಿದ ಬೇಳೆ ಸಾರಿನಲ್ಲಿ ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದವರೂ ಅದೇ ಅಜ್ಜಿ. ಆಕೆ ಮನೆಯಲ್ಲಿ ತೆಲುಗು, ನಿಮ್ಮೊಡನೆ ಕನ್ನಡ ಆಡುತ್ತಾರೆ, ನಿಮಗೆ ಈಗ ಎರಡೂ ಬರುತ್ತದೆ. ಇದಕ್ಕೆ ರೂಢಿ ಎಂದು ಹೆಸರಿಟ್ಟರೆ ನಾನು ಒಪ್ಪುವುದಿಲ್ಲ.

ನನ್ನ ನಂಬಿಕೆಯನ್ನು ಹೇಳಿಬಿಡುತ್ತೇನೆ. ಚೆಲುವಾದ ಊರನ್ನು ಮೆಚ್ಚಲು ಅರ್ಧ ದಿನ ಸಾಕು, ಬಸ್ಸಿನ ಕಿಟಕಿಯಿಂದಲೂ ಆಗುತ್ತದೆ. ನಮ್ಮ ಬಯಲುಸೀಮೆಯಂಥ ಊರು ಹಾಗೆ ದಕ್ಕುವುದಿಲ್ಲ. ಅಲ್ಲಿ ರಾತ್ರಿ ತಂಗಬೇಕು, ಬೇಸಿಗೆ ಕಳೆಯಬೇಕು, ಟ್ಯಾಂಕರ್‌ಗೆ ಕೊಡ ಹಿಡಿದು ನಿಲ್ಲಬೇಕು. ಆಮೇಲೆ ಮಳೆ ಬಂದಾಗ ಅಲ್ಲಿರಬೇಕು. 2021ರ ನವೆಂಬರಿನಲ್ಲಿ ನೀವು ಅಲ್ಲಿದ್ದಿರಿ. ಅದೆಷ್ಟೋ ವರ್ಷಗಳಿಂದ ಬಿರುಕುಬಿಟ್ಟು ಜಾಲಿ ಬೆಳೆದಿದ್ದ ಕೆರೆಗಳು ಜಿಲ್ಲೆಯ ಉದ್ದಗಲಕ್ಕೂ ತುಂಬಿ ಕೋಡಿ ಹರಿದ ಕಾಲ ಅದು. ಹರಿಯುವ ಕೋಡಿಯನ್ನು ಜೀವನದಲ್ಲಿ ಮೊದಲ ಸಲ ಕಂಡ ನಿಮ್ಮ ಶಾಲೆಯ ಮಕ್ಕಳು ಏರಿಯ ಮೇಲೆ ಓಡಿದ್ದನ್ನೂ, ಹೆಂಗಸರು ಬಾಗಿನ ತಂದಾಗ ನಿಮ್ಮ ಕೈಗೂ ಅರಿಶಿನ ಕುಂಕುಮ ಕೊಟ್ಟಿದ್ದನ್ನೂ ಬರೆದಿದ್ದೀರಿ. ವರ್ಷಕ್ಕೆ ನಾಲ್ಕು ತಿಂಗಳು ಸುರಿಯುವ ಮಳೆಯಲ್ಲಿ ಬೆಳೆದ ನಿಮಗೆ ನೀರಿನ ಬೆಲೆ ಕೋಲಾರದಲ್ಲಿ ತಿಳಿಯಿತು. ಅಣ್ಣನವರಿಗೆ ಇದನ್ನು ಓದಿ ಹೇಳಿ.

ಗಂಗ ಅರಸರನ್ನೂ ನೆನೆಯಬೇಕು. ಅವರ ಮೊದಲ ರಾಜಧಾನಿ ಕುವಲಾಲ, ಅಂದರೆ ಇದೇ ಕೋಲಾರ. ಆಮೇಲೆ ಕಾವೇರಿ ದಂಡೆಯ ತಲಕಾಡಿಗೆ ಹೋದರು. ಹೊಳೆ, ಗದ್ದೆ, ಹಸಿರು ಎಲ್ಲವೂ ಅಲ್ಲಿ ಸಿಕ್ಕಿತು. ಆದರೂ ಅವರ ಶಾಸನಗಳಲ್ಲಿ 'ಕುವಲಾಲಪುರವರೇಶ್ವರ' ಎಂಬ ಬಿರುದು ಉಳಿದೇ ಉಳಿಯಿತು. ಬಿಟ್ಟು ಹೋದವರೂ ಈ ಊರಿನ ಹೆಸರನ್ನು ಬಿಡಲಿಲ್ಲ. ಇದೇ ಸೀಮೆಯ ಶಾಸನಗಳನ್ನು ತಿರುವಿ ನೋಡಿ, ಕೆರೆ ಕಟ್ಟಿಸಿದವನಿಗೆ ಕೊಟ್ಟ ಕಟ್ಟುಕೊಡಗೆ ಭೂಮಿಯ ಮಾತು ಮತ್ತೆ ಮತ್ತೆ ಬರುತ್ತದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನೆಲದಲ್ಲಿ ಜನ ಕೆರೆಯ ಮೇಲೆ ಕೆರೆ ಕಟ್ಟಿ ಬದುಕಿದರು.

ಇಂಥ ನೆಲವನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? ನೂರಕ್ಕೂ ಹೆಚ್ಚು ವರ್ಷ ಇಲ್ಲಿಂದ ಚಿನ್ನ ತೆಗೆದೆವು, 2001ರಲ್ಲಿ ಗಣಿಗೆ ಬೀಗ ಹಾಕಿ ಕಾರ್ಮಿಕರನ್ನು ಅವರ ಪಾಡಿಗೆ ಬಿಟ್ಟೆವು. ಇಲ್ಲಿನ ಟೊಮೆಟೊ, ಮಾವು, ಹಾಲು ಬೆಂಗಳೂರಿಗೆ ಹೋಗುತ್ತದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರು, ಎರಡು ಹಂತ ಶುದ್ಧವಾಗಿ, 2018ರಿಂದ ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಅದರಿಂದ ಅಂತರ್ಜಲ ಏರಿತೆಂಬ ಸಂತೋಷ ರೈತರಿಗಿದೆ, ನಿಜ. ಮೂರನೆಯ ಹಂತದ ಶುದ್ಧೀಕರಣವನ್ನೂ ಮಾಡಿ ಎಂದು ಅವರೇ ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ. ಕೇಳುವವರು ಯಾರು?

ಕೇಳಬೇಕಾದ ಅಧಿಕಾರಿಗಳು ಸಂಜೆ ಐದರ ಹೊತ್ತಿಗೆ ಬೆಂಗಳೂರಿನ ಬಸ್ಸಿನಲ್ಲೋ ಬಂಗಾರಪೇಟೆಯ ರೈಲಿನಲ್ಲೋ ಕುಳಿತಿರುತ್ತಾರೆ. ನನ್ನನ್ನು ಹೆಚ್ಚು ನೋಯಿಸುವುದು ಇದೇ. ಕೇಂದ್ರಸ್ಥಾನದಲ್ಲೇ, ಅಂದರೆ ಕೆಲಸದ ಊರಿನಲ್ಲೇ, ವಾಸವಿರಬೇಕು ಎಂಬ ಸುತ್ತೋಲೆ ಹೊರಡುತ್ತದೆ, ಕಡತ ಸೇರುತ್ತದೆ. ನೀರು ನೆರಳಿಲ್ಲದ ಕಡೆ ಎತ್ತಂಗಡಿ ಮಾಡುತ್ತೇನೆ ಎಂದು ಮೇಲಿನವರು ಕೆಳಗಿನವರನ್ನು ಬೆದರಿಸುತ್ತಾರೆ. ಲಕ್ಷಾಂತರ ಜನ ಹುಟ್ಟಿ ಬೆಳೆದ ಊರು ಯಾರೋ ಒಬ್ಬ ನೌಕರನಿಗೆ ಶಿಕ್ಷೆಯೆಂದರೆ, ಅಲ್ಲಿನ ಮಕ್ಕಳ ಮುಖಕ್ಕೆ ಹೊಡೆದು ಹೇಳಿದಂತಲ್ಲವೇ? ಊರಿನಲ್ಲಿ ಒಂದು ರಾತ್ರಿಯೂ ಕಳೆಯದ ಅಧಿಕಾರಿಗೆ ನಲ್ಲಿಯಲ್ಲಿ ನೀರು ಬರುವುದು ನಡುರಾತ್ರಿಯೋ ಬೆಳಗಿನ ಜಾವವೋ ಹೇಗೆ ಗೊತ್ತಾಗಬೇಕು? ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಾದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ಅವನ ಕಣ್ಣಿಗೆ ಹೇಗೆ ಬೀಳಬೇಕು? ಅದು ನಿಮ್ಮ ಕಣ್ಣಿಗೆ ಬಿದ್ದಿದೆ.

ಒಂದು ಮಾತಿಗೆ ಮಾತ್ರ ನಿಮ್ಮನ್ನು ಗದರಬೇಕಾಗಿದೆ. 'ಹೊರಗಿನವಳಾದ ನನಗೆ ಈ ಊರಿನ ಬಗ್ಗೆ ಮಾತಾಡುವ ಹಕ್ಕಿಲ್ಲ' ಎಂದು ಬರೆದಿದ್ದೀರಿ. ಎಲ್ಲಿಂದ ಬಂತು ಈ ಸಂಕೋಚ? ಮಕ್ಕಳನ್ನು ಕಟ್ಟಿಕೊಂಡು ಕೆರೆಯ ನೀರು ಬಿಡುತ್ತಿದ್ದ ಹಳೆಯ ನೀರಗಂಟಿಯ ಮನೆಗೆ ಹೋಗಿ, ಸುತ್ತಲಿನ ಕೆರೆ, ಕುಂಟೆ, ತೂಬು, ಕಾಲುವೆಗಳ ಹೆಸರನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸುತ್ತಿರುವುದು ನೀವು, ಆ ಊರಿನವರೇ ಮಾಡದ ಕೆಲಸ ಅದು. ಕೌನ್ಸೆಲಿಂಗ್‌ನಲ್ಲಿ ಏನು ಮಾಡಬೇಕೆಂಬುದು ನಿಮ್ಮ ಮನೆಯ ಪ್ರಶ್ನೆ, ತಂದೆತಾಯಿಯ ವಯಸ್ಸನ್ನೂ ನೋಡಬೇಕು. ನನ್ನನ್ನು ಕೇಳಿದಿರಾದ್ದರಿಂದ ಹೇಳುತ್ತೇನೆ, ಉಳಿಯಿರಿ. ಆ ನೀರಗಂಟಿಗೆ ವಯಸ್ಸಾಗಿದೆ ಎಂದಿದ್ದೀರಿ, ಅವರಿಂದ ಬರೆದುಕೊಳ್ಳುವುದನ್ನು ಬೇಗ ಮುಗಿಸಿ ಪಟ್ಟಿಯನ್ನು ಪತ್ರಿಕೆಗೆ ಕಳುಹಿಸಿ. ಎಷ್ಟೇ ಉದ್ದವಿರಲಿ, ಬರೆದ ಮಕ್ಕಳ ಹೆಸರಿನೊಡನೆ ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.

— ಸಂಪಾದಕ